ಹಗಲು ವಾರ್ಡು, ರಾತ್ರಿ ಥೀಸಿಸ್: ಪ್ರಾಣಿಗಳ ಸ್ಪೆಷಲಿಸ್ಟ್ ಡಾಕ್ಟರ್ ತಯಾರಾಗುವುದು ಹೇಗೆ?

ಅಮೆರಿಕದಲ್ಲೋ ಕೆನಡಾದಲ್ಲೋ ಇರುವವರ ನಾಯಿಗೆ ಕೆಮ್ಮು ಶುರುವಾಗಿದೆ ಎಂದುಕೊಳ್ಳಿ. ಮಾಮೂಲಿ ಡಾಕ್ಟರ್ ಸ್ಟೆತಸ್ಕೋಪ್ ಇಟ್ಟು ನೋಡಿ, 'ಹಾರ್ಟಿನ ತೊಂದರೆ ಇದ್ದ ಹಾಗಿದೆ, ಸ್ಪೆಷಲಿಸ್ಟ್‌ಗೆ ತೋರಿಸಿ' ಎಂದು ಯೂನಿವರ್ಸಿಟಿಯ ಪಶು ಆಸ್ಪತ್ರೆಗೆ ಕಳಿಸುತ್ತಾರೆ. ಅಲ್ಲಿ ನಾಯಿಯನ್ನು ಮೊದಲು ಮುಟ್ಟಿ ನೋಡುವವರು 'ನಾನು ಕಾರ್ಡಿಯಾಲಜಿ ರೆಸಿಡೆಂಟ್' ಎಂದು ಪರಿಚಯ ಮಾಡಿಕೊಳ್ಳುತ್ತಾರೆ. ಸ್ವಲ್ಪ ಹೊತ್ತಿನ ಮೇಲೆ ಬರುವ ಹಿರಿಯ ಡಾಕ್ಟರ ಹೆಸರಿನ ಜೊತೆ ಡಿವಿಎಂ, ಎಂಎಸ್, ಡಿಎಸಿವಿಐಎಂ ಎಂದೆಲ್ಲ ಅಕ್ಷರಗಳು. ಹೊರಡುವ ಮುಂಚೆ ಒಂದು ಫಾರಂ ಕೊಟ್ಟು, 'ನಮ್ಮದೊಂದು ಅಧ್ಯಯನ ನಡೀತಿದೆ, ನಿಮ್ಮ ನಾಯಿಯನ್ನು ಸೇರಿಸಬಹುದಾ?' ಎಂದೂ ಕೇಳಬಹುದು.

ಇಷ್ಟಾದಾಗ ಯಾರಿಗಾದರೂ ಪ್ರಶ್ನೆಗಳು ಬಂದೇ ಬರುತ್ತವೆ. ಈ ರೆಸಿಡೆಂಟ್ ಡಾಕ್ಟರೋ, ವಿದ್ಯಾರ್ಥಿಯೋ? ಚಿಕಿತ್ಸೆ ಕೊಡುವವರಿಗೆ ಸಂಶೋಧನೆಯ ಉಸಾಬರಿ ಯಾಕೆ? ಆ ಅಕ್ಷರಗಳನ್ನು ಕೊಡುವವರು ಯಾರು? ಇದೇ ದಾರಿ ಹಿಡಿಯಬೇಕು ಎಂದುಕೊಂಡಿರುವ ಪಶುವೈದ್ಯ ವಿದ್ಯಾರ್ಥಿಗಳಿಗಂತೂ ಇನ್ನೂ ಹತ್ತು ಪ್ರಶ್ನೆ. ಚಿಕಿತ್ಸೆಯ ತರಬೇತಿ, ಸಂಶೋಧನೆಯ ಪದವಿ ಎರಡನ್ನೂ ಒಟ್ಟಿಗೇ ಮುಗಿಸುವ ಈ ಜೋಡಿ ತರಬೇತಿಯನ್ನು ಬುಡದಿಂದಲೇ ನೋಡೋಣ.

ರೆಸಿಡೆಂಟ್ ಅಂದರೆ ಯಾರು?

ಡಾಕ್ಟರೇ. ಅದರಲ್ಲಿ ಅನುಮಾನ ಬೇಡ. ಉತ್ತರ ಅಮೆರಿಕದಲ್ಲಿ ಹೈಸ್ಕೂಲ್ ಮುಗಿಸಿದವರು ಸಾಮಾನ್ಯವಾಗಿ 4 ವರ್ಷದ ಒಂದು ಪದವಿ ಓದಿ, ಆಮೇಲೆ 4 ವರ್ಷದ ಡಿವಿಎಂ ಕೋರ್ಸಿಗೆ ಸೇರುತ್ತಾರೆ. ಡಿವಿಎಂ ಎಂದರೆ ಪಶುವೈದ್ಯರ ಮೂಲ ಪದವಿ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ ಮಾತ್ರ ಅದನ್ನೇ ವಿಎಂಡಿ ಎಂದು ಕರೆಯುತ್ತದೆ, ಎರಡೂ ಒಂದೇ. ಇದರ ಜೊತೆ ನ್ಯಾವ್ಲಿ ಎಂಬ ಲೈಸೆನ್ಸ್ ಪರೀಕ್ಷೆ ಪಾಸಾದರೆ ಕ್ಲಿನಿಕ್ ತೆರೆದು ಕೂರಲು ಯಾವ ಅಡ್ಡಿಯೂ ಇಲ್ಲ. ಬಹಳಷ್ಟು ಜನ ಹಾಗೇ ಮಾಡುತ್ತಾರೆ.

ಸ್ಪೆಷಲಿಸ್ಟ್ ಆಗಬೇಕು ಅನ್ನುವವರು ಮಾತ್ರ ಮುಂದಕ್ಕೆ ಹೋಗುತ್ತಾರೆ. ಮೊದಲು ಒಂದು ವರ್ಷದ ಇಂಟರ್ನ್‌ಶಿಪ್. ಎಮರ್ಜೆನ್ಸಿ, ಸರ್ಜರಿ, ಮೆಡಿಸಿನ್ ಎಂದು ಒಂದೊಂದು ವಿಭಾಗದಲ್ಲೂ ಕೆಲವು ವಾರ ಕೆಲಸ. ಪೈಪೋಟಿ ಜಾಸ್ತಿ ಇರುವ ವಿಭಾಗಗಳಿಗೆ ಹೋಗುವವರು ಅದೇ ವಿಭಾಗದಲ್ಲಿ ಇನ್ನೊಂದು ವರ್ಷ ಇಂಟರ್ನ್ ಆಗಿ ದುಡಿಯುವುದೂ ಇದೆ. ಅದಾದ ಮೇಲೆ ರೆಸಿಡೆನ್ಸಿ. ಒಂದೇ ವಿಭಾಗ, ಒಂದೇ ಬಗೆಯ ಕಾಯಿಲೆಗಳು, ಪಕ್ಕದಲ್ಲಿ ಅನುಭವಿ ಸ್ಪೆಷಲಿಸ್ಟ್‌ಗಳು. ಸಾಮಾನ್ಯವಾಗಿ 3 ವರ್ಷ. ಹಾರ್ಟು, ನರ, ಕ್ಯಾನ್ಸರ್, ಕಣ್ಣು, ಚರ್ಮ, ಸರ್ಜರಿ, ಅರಿವಳಿಕೆ, ಕುದುರೆಗಳ ಮೆಡಿಸಿನ್, ಪೆಥಾಲಜಿ, ಹೀಗೆ 40ಕ್ಕೂ ಹೆಚ್ಚು ವಿಶೇಷ ವಿಭಾಗಗಳಿವೆ.

ಈ 3 ವರ್ಷದ ಒಳಗೇ ಸಂಶೋಧನೆಯ ಮಾಸ್ಟರ್ಸ್ ಪದವಿಯನ್ನೂ ಹೆಣೆದು ಸೇರಿಸಿದರೆ ಅದೇ ನಾವು ಮಾತಾಡುತ್ತಿರುವ ಜೋಡಿ ತರಬೇತಿ. ಕೊಲರಾಡೊ ಸ್ಟೇಟ್, ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯಗಳಲ್ಲಿ, ಕೆನಡಾದ ಸ್ಯಾಸ್ಕಟೂನ್‌ನಲ್ಲಿರುವ ವೆಸ್ಟರ್ನ್ ಕಾಲೇಜ್ ಆಫ್ ವೆಟರ್ನರಿ ಮೆಡಿಸಿನ್‌ನಲ್ಲಿ ಇಂಥ ಸೀಟುಗಳು ಮೊದಲಿನಿಂದಲೂ ಇವೆ.

ಸೀಟು ಸಿಗುವ ಬಗೆ

ಇಲ್ಲಿ 'ಮ್ಯಾಚ್' ಎಂಬ ಪದ್ಧತಿ ಇದೆ. ಅಮೆರಿಕನ್ ಅಸೋಸಿಯೇಷನ್ ಆಫ್ ವೆಟರ್ನರಿ ಕ್ಲಿನಿಷಿಯನ್ಸ್ ಎಂಬ ಸಂಘ ಇದನ್ನು ನಡೆಸುತ್ತದೆ. ಅರ್ಜಿ ಹಾಕಿದವರು ತಮಗೆ ಬೇಕಾದ ಆಸ್ಪತ್ರೆಗಳನ್ನು ಇಷ್ಟದ ಕ್ರಮದಲ್ಲಿ ಬರೆದುಕೊಡಬೇಕು. ಆಸ್ಪತ್ರೆಗಳೂ ತಮಗೆ ಬೇಕಾದ ಅಭ್ಯರ್ಥಿಗಳನ್ನು ಕ್ರಮವಾಗಿ ಬರೆದುಕೊಡುತ್ತವೆ. ಕಂಪ್ಯೂಟರ್ ಎರಡೂ ಪಟ್ಟಿ ತಾಳೆ ಹಾಕಿ, ಯಾರು ಎಲ್ಲಿಗೆ ಎಂದು ಹೇಳುತ್ತದೆ. ಮಾರ್ಚ್‌ನಲ್ಲಿ ಫಲಿತಾಂಶ, ಬೇಸಿಗೆಯಲ್ಲಿ ಕೆಲಸ ಶುರು. ಮ್ಯಾಚ್ ಆದ ಮೇಲೆ 'ಬೇಡ, ಬೇರೆ ಕಡೆ ಹೋಗ್ತೀನಿ' ಅನ್ನುವ ಹಾಗಿಲ್ಲ. ಎರಡೂ ಕಡೆಯವರು ಒಪ್ಪಂದಕ್ಕೆ ಬದ್ಧರು. ಎಲ್ಲ ಸೀಟುಗಳೂ ಈ ದಾರಿಯಲ್ಲೇ ತುಂಬುವುದಿಲ್ಲ, ಕೆಲವು ಕಡೆ ನೇರ ಅರ್ಜಿಯೂ ಇದೆ.

ಜೋಡಿ ತರಬೇತಿಯಲ್ಲಿ ಇನ್ನೊಂದು ಬಾಗಿಲು ದಾಟಬೇಕು. ಆಸ್ಪತ್ರೆ ಆರಿಸಿಕೊಂಡರೆ ಸಾಲದು, ವಿಶ್ವವಿದ್ಯಾಲಯದ ಗ್ರ್ಯಾಜುಯೇಟ್ ಸ್ಕೂಲ್ ಕೂಡ ಪ್ರವೇಶ ಕೊಡಬೇಕು. ಅದಕ್ಕೆ ಬೇರೆ ಅರ್ಜಿ, ಬೇರೆ ಅಂಕಪಟ್ಟಿ, ಬೇರೆ ಕಡತ.

ಮೂರು ಕಾಗದ, ಮೂರು ಕಡೆಯಿಂದ

ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ. ಆ 3 ವರ್ಷ ಮುಗಿಯುವಾಗ ಕೈಗೆ ಬರಬೇಕಾದ ಕಾಗದಗಳು ಮೂರು. ಮೂರನ್ನೂ ಕೊಡುವವರು ಬೇರೆ ಬೇರೆ.

ರೆಸಿಡೆನ್ಸಿ ಮುಗಿಸಿದ್ದಾರೆ ಎಂಬ ಸರ್ಟಿಫಿಕೇಟ್ ಕೊಡುವುದು ಆಸ್ಪತ್ರೆ. ಮಾಸ್ಟರ್ಸ್ ಪದವಿ ಕೊಡುವುದು ವಿಶ್ವವಿದ್ಯಾಲಯ. 'ಇವರು ಸ್ಪೆಷಲಿಸ್ಟ್' ಎಂದು ಒಪ್ಪುವುದು ಮಾತ್ರ ಇವೆರಡೂ ಅಲ್ಲ, ಆಯಾ ವಿಭಾಗದ 'ಕಾಲೇಜ್'. ಹೆಸರು ಕಾಲೇಜ್ ಆದರೂ ಇದಕ್ಕೆ ಕ್ಲಾಸ್‌ರೂಮ್ ಇಲ್ಲ. ಅದು ಆ ವಿಭಾಗದ ಸ್ಪೆಷಲಿಸ್ಟ್‌ಗಳೆಲ್ಲ ಸೇರಿ ಮಾಡಿಕೊಂಡ ಸಂಸ್ಥೆ. ಸರ್ಜನ್‌ಗಳ ಕಾಲೇಜ್ ಬೇರೆ, ಪೆಥಾಲಜಿಯವರ ಕಾಲೇಜ್ ಬೇರೆ. ಹಾರ್ಟು, ನರ, ಕ್ಯಾನ್ಸರ್ ಮೂರೂ ಎಸಿವಿಐಎಂ ಎಂಬ ಇಂಟರ್ನಲ್ ಮೆಡಿಸಿನ್ ಕಾಲೇಜಿನ ಅಡಿಯಲ್ಲಿ ಬರುತ್ತವೆ. ಇಂಥ ಸಂಸ್ಥೆಗಳು ಇಪ್ಪತ್ತಕ್ಕೂ ಹೆಚ್ಚಿವೆ. ಇವಕ್ಕೆಲ್ಲ ಮಾನ್ಯತೆ ಕೊಡುವುದು ಅಮೆರಿಕದ ಪಶುವೈದ್ಯರ ಸಂಘ ಎವಿಎಂಎ.

ಡ್ರೈವಿಂಗ್ ಕಲಿಸುವ ಶಾಲೆ ಬೇರೆ, ಲೈಸೆನ್ಸ್ ಕೊಡುವ ಕಚೇರಿ ಬೇರೆ, ಅಲ್ವಾ? ಹಾಗೇ ಇದು. ರೆಸಿಡೆನ್ಸಿ ಕಲಿಸುತ್ತದೆ, ಕಾಲೇಜ್ ಪರೀಕ್ಷೆ ಮಾಡಿ ಒಪ್ಪುತ್ತದೆ. ಆ ಬೋರ್ಡ್ ಪರೀಕ್ಷೆ ಪಾಸಾದವರು 'ಡಿಪ್ಲೊಮೇಟ್'. ಡಿಎಸಿವಿಐಎಂ ಎಂಬುದರ ಮೊದಲ 'ಡಿ' ಅದೇ. ಡಿಎಸಿವಿಎಸ್ ಎಂದಿದ್ದರೆ ಸರ್ಜನ್.

ಹಾಗಾಗಿ ಮಾಸ್ಟರ್ಸ್ ಇದ್ದ ಮಾತ್ರಕ್ಕೆ ಸ್ಪೆಷಲಿಸ್ಟ್ ಆಗುವುದಿಲ್ಲ. ಮಾಸ್ಟರ್ಸ್ ಇಲ್ಲದಿದ್ದರೆ ಸ್ಪೆಷಲಿಸ್ಟ್ ಆಗೋಕೆ ಬರಲ್ಲ ಎಂದೂ ಇಲ್ಲ. ದೊಡ್ಡ ಖಾಸಗಿ ಆಸ್ಪತ್ರೆಗಳ ರೆಸಿಡೆನ್ಸಿಗಳಲ್ಲಿ ಸಾಮಾನ್ಯವಾಗಿ ಪದವಿಯ ಮಾತೇ ಇರುವುದಿಲ್ಲ. ಹಲವು ವಿಶ್ವವಿದ್ಯಾಲಯಗಳಲ್ಲೂ ಅದು ಐಚ್ಛಿಕ. ಹಾಗಾದರೆ ಈ ಹೆಚ್ಚಿನ ಹೊರೆ ಹೊರುವುದು ಯಾಕೆ?

ಚಿಕಿತ್ಸೆ ಕೊಡುವವರಿಗೆ ಸಂಶೋಧನೆ ಯಾಕೆ?

ಮನುಷ್ಯರ ವೈದ್ಯಕೀಯದಲ್ಲಿ ಒಂದು ಔಷಧದ ಮೇಲೆ ಸಾವಿರಾರು ರೋಗಿಗಳ ಅಧ್ಯಯನ ನಡೆಯುತ್ತದೆ. ಸರ್ಕಾರದ ದುಡ್ಡು, ಕಂಪನಿಗಳ ದುಡ್ಡು ಎರಡೂ ಹರಿಯುತ್ತವೆ. ಪ್ರಾಣಿಗಳ ವೈದ್ಯಕೀಯದಲ್ಲಿ ಅಷ್ಟು ದೊಡ್ಡ ಅಧ್ಯಯನ ಅಪರೂಪ. ಒಂದು ಬೆಕ್ಕಿನ ಕಾಯಿಲೆಗೆ ಯಾವ ಮದ್ದು ಸರಿ ಎಂಬುದಕ್ಕೆ ಇರುವ ಪುರಾವೆ ಎಷ್ಟೋ ಸಲ ಯಾವುದೋ ಯೂನಿವರ್ಸಿಟಿ ಆಸ್ಪತ್ರೆಯಲ್ಲಿ ಒಬ್ಬ ರೆಸಿಡೆಂಟ್ ಎರಡು ಮೂರು ವರ್ಷ ಕೂಡಿಹಾಕಿದ ಇಪ್ಪತ್ತು ಮೂವತ್ತು ಕೇಸುಗಳೇ ಆಗಿರುತ್ತವೆ. ಹೊರಗಿನಿಂದ ಯಾರೋ ಬಂದು ಪುರಾವೆ ತಂದುಕೊಡುವುದಿಲ್ಲ. ರೋಗಿಯನ್ನು ನೋಡುವವರೇ ಪುರಾವೆಯನ್ನೂ ಕೂಡಿಸಬೇಕು. ಜೋಡಿ ತರಬೇತಿಯ ಹಿಂದಿರುವ ಲೆಕ್ಕಾಚಾರ ಇದೇ ಎಂದು ನನಗನ್ನಿಸುತ್ತದೆ. ಉಳಿದ ಕಾರಣಗಳೆಲ್ಲ ಆಮೇಲಿನವು.

ಇದಕ್ಕೆ ಬೆಕ್ಕುಗಳ ಹೃದಯದ ಕಥೆಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಒಂದು ಕಾಲದಲ್ಲಿ ಬೆಕ್ಕುಗಳಲ್ಲಿ ಹೃದಯದ ಗೋಡೆ ತೆಳುವಾಗಿ, ಹಿಗ್ಗಿ, ಸರಿಯಾಗಿ ಹಿಂಡಲಾರದೆ ಸೋಲುವ ಕಾಯಿಲೆ ಸಾಕಷ್ಟು ಕಾಣುತ್ತಿತ್ತು. ಬಂದರೆ ಹೆಚ್ಚಾಗಿ ಸಾವೇ. ಕಾರಣ ಗೊತ್ತಿರಲಿಲ್ಲ. ಟಾರಿನ್ ಎಂಬ ಪೋಷಕಾಂಶ ಕಡಿಮೆಯಾದರೆ ಬೆಕ್ಕಿನ ಕಣ್ಣಿನ ರೆಟಿನಾ ಹಾಳಾಗುತ್ತದೆ ಎಂಬುದು ಮಾತ್ರ 1970ರ ದಶಕದಿಂದ ಗೊತ್ತಿತ್ತು. ಬೆಕ್ಕಿನ ದೇಹ ಟಾರಿನ್ ಅನ್ನು ಸಾಕಷ್ಟು ತಯಾರಿಸಿಕೊಳ್ಳಲಾರದು, ಆಹಾರದಿಂದಲೇ ಬರಬೇಕು.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನಲ್ಲಿ ಪಾಲ್ ಪಯನ್ ಮತ್ತು ಜೊತೆಗಾರರು ಹೃದಯ ಸೋತ ಬೆಕ್ಕುಗಳ ರಕ್ತ ಪರೀಕ್ಷೆ ಮಾಡಿದರು. ಅಂಗಡಿಯಲ್ಲಿ ಸಿಗುವ ಆಹಾರವನ್ನೇ ತಿನ್ನುತ್ತಿದ್ದ 21 ಬೆಕ್ಕುಗಳಲ್ಲಿ ಟಾರಿನ್ ತೀರಾ ಕಡಿಮೆ ಇತ್ತು. ಬಾಯಿಯ ಮೂಲಕ ಟಾರಿನ್ ಕೊಟ್ಟು, ಎಕೋ ಸ್ಕ್ಯಾನ್‌ನಲ್ಲಿ ಮತ್ತೆ ನೋಡಿದರು. ಹೃದಯ ಮೊದಲಿನಂತೆ ಹಿಂಡುತ್ತಿತ್ತು. 1987ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಇದು ಅಚ್ಚಾಯಿತು. ಆಹಾರದ ಕಂಪನಿಗಳು ಟಾರಿನ್ ಪ್ರಮಾಣ ಹೆಚ್ಚಿಸಿದವು. ಬೆಕ್ಕುಗಳಲ್ಲಿ ಆ ಕಾಯಿಲೆ ಅಪರೂಪವಾಗಿಬಿಟ್ಟಿತು.

ಇಲ್ಲಿ ಗಮನಿಸಬೇಕಾದದ್ದು ಏನೆಂದರೆ, ಆ ಬೆಕ್ಕುಗಳು ಬರುತ್ತಿದ್ದದ್ದು ಆಸ್ಪತ್ರೆಗೆ. ಅವನ್ನು ನೋಡಿದ ಕಣ್ಣು ಡಾಕ್ಟರದು. ಆದರೆ ಒಂದು ಬೆಕ್ಕಿನಲ್ಲಿ ಕಂಡದ್ದನ್ನು ಇಪ್ಪತ್ತೊಂದರಲ್ಲಿ ಅಳೆದು, ಕೊಟ್ಟು ನೋಡಿ, ಮತ್ತೆ ಅಳೆದು, ಬರೆದು, ಬೇರೆಯವರು ಒಪ್ಪುವಂತೆ ಮಾಡಿದ್ದು ಸಂಶೋಧನೆಯ ಶಿಸ್ತು.

ಆ ಶಿಸ್ತು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೂ ಪುರಾವೆ ಇದೆ. ಕೀಲುನೋವಿನಿಂದ ಕುಂಟುವ ನಾಯಿಗಳ ಒಂದು ಪ್ರಯೋಗದಲ್ಲಿ 58 ನಾಯಿಗಳಿಗೆ ಔಷಧವೇ ಇಲ್ಲದ ಹುಸಿ ಮಾತ್ರೆ ಕೊಟ್ಟಿದ್ದರು. ಯಾವುದು ಔಷಧ, ಯಾವುದು ಹುಸಿ ಎಂದು ಮಾಲೀಕರಿಗೂ ಗೊತ್ತಿರಲಿಲ್ಲ, ಡಾಕ್ಟರಿಗೂ ಗೊತ್ತಿರಲಿಲ್ಲ. ನಾಯಿ ಕಾಲಿನ ಮೇಲೆ ಎಷ್ಟು ಭಾರ ಹಾಕುತ್ತಿದೆ ಎಂಬುದನ್ನು ಯಂತ್ರದಿಂದ ಅಳೆದರು. ಯಂತ್ರ ಸುಧಾರಣೆ ತೋರಿಸದಿದ್ದರೂ 'ಪರವಾಗಿಲ್ಲ, ಈಗ ಚೆನ್ನಾಗಿ ನಡೀತಿದೆ' ಎಂದು ಮಾಲೀಕರಿಗೆ ಅನ್ನಿಸಿದ್ದು ಬಹಳ ಸಲ. ಡಾಕ್ಟರುಗಳಿಗೂ ಅಷ್ಟೇ. ಇಬ್ಬರಲ್ಲೂ ಈ ಭ್ರಮೆ ಶೇ. 40ರ ಆಸುಪಾಸಿನಲ್ಲಿತ್ತು. ಎವಿಎಂಎ ತನ್ನ ಪತ್ರಿಕೆಯಲ್ಲಿ 2012ರಲ್ಲಿ ಇದನ್ನು ಪ್ರಕಟಿಸಿತು. ನಾಯಿಗೆ ತಾನು ಮಾತ್ರೆ ತಿಂದೆ, ಗುಣವಾಗಬೇಕು ಎಂಬ ನಂಬಿಕೆ ಇರಲು ಸಾಧ್ಯವಿಲ್ಲ. ನಂಬಿಕೆ ಇದ್ದದ್ದು ನೋಡುವವರಿಗೆ. ಅನುಭವಿ ಡಾಕ್ಟರ ಕಣ್ಣೂ ಇಷ್ಟು ಸುಲಭವಾಗಿ ಮೋಸ ಹೋಗುತ್ತದೆ ಎಂದರೆ, 'ನಾನು ಇಪ್ಪತ್ತು ವರ್ಷದಿಂದ ಇದನ್ನೇ ಕೊಡ್ತಿದ್ದೀನಿ, ಕೆಲಸ ಮಾಡುತ್ತೆ' ಎಂಬ ಮಾತಿನ ತೂಕ ಎಷ್ಟು ಎಂದು ಯೋಚಿಸಬೇಕಾಗುತ್ತದೆ.

ಒಂದು ಥೀಸಿಸ್ಸಿನ ಒಳಗೆ

ಸಂಶೋಧನೆ ಎಂದರೆ ಬಿಳಿ ಕೋಟು, ಗಾಜಿನ ಕೊಳವೆ ಎಂದೇ ಎಲ್ಲರ ಕಲ್ಪನೆ. ರೆಸಿಡೆಂಟ್‌ಗಳ ಥೀಸಿಸ್‌ಗಳು ಹೆಚ್ಚಾಗಿ ಆಸ್ಪತ್ರೆಯ ಪಡಸಾಲೆಯಲ್ಲೇ ಹುಟ್ಟುತ್ತವೆ. ಸುಲಭದ್ದು ಹಳೆ ಕೇಸ್ ಫೈಲುಗಳನ್ನು ತೆಗೆದು ಲೆಕ್ಕ ಹಾಕುವ ಹಿನ್ನೋಟದ ಅಧ್ಯಯನ. ಮಾಸ್ಟರ್ಸ್‌ಗೆ ಮಾತ್ರ ಸಾಮಾನ್ಯವಾಗಿ ಮುನ್ನೋಟದ ಅಧ್ಯಯನವನ್ನು ಬಯಸುತ್ತಾರೆ. ಅಂದರೆ ಪ್ರಶ್ನೆ ಮೊದಲು, ಕೇಸ್ ಆಮೇಲೆ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಸರ್ಜರಿ ರೆಸಿಡೆಂಟ್ ಒಬ್ಬರು ನಾಯಿಗಳ ಮಂಡಿಯ ಆಪರೇಷನ್ ಬಗ್ಗೆ ಕೆಲಸ ಮಾಡುತ್ತಿದ್ದಾರೆ. ಮಂಡಿಯೊಳಗೆ ಎರಡು ಮೂಳೆಗಳನ್ನು ಬಿಗಿಹಿಡಿಯುವ ಲಿಗಮೆಂಟ್ ಹರಿಯುವುದು ನಾಯಿಗಳಲ್ಲಿ ತುಂಬಾ ಸಾಮಾನ್ಯ. ಇದಕ್ಕೆ ಟಿಪಿಎಲ್‌ಒ ಎಂಬ ಆಪರೇಷನ್ ಇದೆ: ಕೆಳಗಾಲಿನ ಮೂಳೆಯ ಮೇಲ್ತುದಿಯನ್ನು ಕಮಾನಿನಂತೆ ಕೊಯ್ದು, ಸ್ವಲ್ಪ ತಿರುಗಿಸಿ, ಪ್ಲೇಟು ಸ್ಕ್ರೂ ಹಾಕಿ ಕೂರಿಸುತ್ತಾರೆ. ರೆಸಿಡೆಂಟರ ಪ್ರಶ್ನೆ ಇಷ್ಟೇ: ಎರಡು ಬಗೆಯ ನೋವು ನಿವಾರಕ ಇಂಜೆಕ್ಷನ್‌ಗಳಲ್ಲಿ ಯಾವುದು ಕೊಟ್ಟರೆ ನಾಯಿ ಬೇಗ ಕಾಲೂರುತ್ತದೆ?

ಪ್ರಶ್ನೆ ಒಂದೇ ಸಾಲು. ಉತ್ತರಕ್ಕೆ ಎರಡು ವರ್ಷ ಬೇಕು. ಮೊದಲು ಎಷ್ಟು ನಾಯಿ ಬೇಕು ಎಂದು ಸ್ಟಾಟಿಸ್ಟಿಕ್ಸ್ ಗೊತ್ತಿರುವವರ ಜೊತೆ ಕೂತು ಲೆಕ್ಕ ಹಾಕಬೇಕು. ಕಡಿಮೆ ಆದರೆ ನಿಜವಾದ ವ್ಯತ್ಯಾಸವೂ ಕಣ್ಣಿಗೆ ಬೀಳುವುದಿಲ್ಲ. ಆಮೇಲೆ ಯಾವ ನಾಯಿಗೆ ಯಾವ ಇಂಜೆಕ್ಷನ್ ಎಂಬುದನ್ನು ಚೀಟಿ ಎತ್ತಿದ ಹಾಗೆ ಕುರುಡಾಗಿ ನಿರ್ಧರಿಸಬೇಕು. ಡಾಕ್ಟರೇ ಆರಿಸಿದರೆ ಜಾಸ್ತಿ ನೋವಿರುವ ನಾಯಿಗೆ ತಮಗೆ ನಂಬಿಕೆ ಇರುವ ಮದ್ದನ್ನೇ ಕೊಟ್ಟುಬಿಡುತ್ತಾರೆ, ಅದು ಮನುಷ್ಯ ಸ್ವಭಾವ. ನಡಿಗೆ ಅಳೆಯುವವರಿಗೆ ಯಾವ ನಾಯಿಗೆ ಏನು ಸಿಕ್ಕಿದೆ ಎಂದು ಗೊತ್ತಿರಬಾರದು.

ಅಳೆಯುವುದು ಫೋರ್ಸ್ ಪ್ಲೇಟ್ ಮೇಲೆ. ನೆಲಕ್ಕೆ ಸಮವಾಗಿ ಕೂರಿಸಿದ ಒಂದು ಹಲಗೆ ಅದು, ಕೆಳಗೆ ಸೆನ್ಸರ್‌ಗಳು. ನಾಯಿಯನ್ನು ಪಟ್ಟಿ ಹಿಡಿದು ಅದರ ಮೇಲೆ ಹಾಯಿಸಬೇಕು. ಪಾದ ಪೂರ್ತಿ ಹಲಗೆಯ ಮೇಲೇ ಬೀಳಬೇಕು, ಅಂಚಿಗೆ ಬಿದ್ದರೆ ಆ ಸಲದ್ದು ಲೆಕ್ಕಕ್ಕಿಲ್ಲ. ವೇಗ ಗೊತ್ತುಮಾಡಿದ ಮಿತಿಯಲ್ಲೇ ಇರಬೇಕು. ತಲೆ ತಿರುಗಿಸಿ ಅತ್ತ ಇತ್ತ ನೋಡಿದರೂ ಲೆಕ್ಕಕ್ಕಿಲ್ಲ. ಸಾಮಾನ್ಯವಾಗಿ ಒಂದು ನಾಯಿಯಿಂದ ಐದು ಸರಿಯಾದ ಓಟ ಬೇಕು. ಐದು ಸಿಗೋಕೆ ಇಪ್ಪತ್ತು ಸಲ ಓಡಿಸಬೇಕಾಗಬಹುದು. ಆ ಹೊತ್ತಿಗೆ ನಾಯಿಗೆ ಇದೊಂದು ಆಟ ಅನ್ನಿಸಿ ಕುಣಿಯೋಕೆ ಶುರು ಮಾಡಿದರೆ ಆ ದಿನದ ಕಥೆ ಮುಗಿಯಿತು. ಸಿಕ್ಕ ಸಂಖ್ಯೆಯನ್ನು ನಾಯಿಯ ತೂಕದ ಶೇಕಡಾವಾರು ಲೆಕ್ಕದಲ್ಲಿ ಬರೆಯುತ್ತಾರೆ, ಇಲ್ಲದಿದ್ದರೆ ದೊಡ್ಡ ನಾಯಿ, ಸಣ್ಣ ನಾಯಿ ಹೋಲಿಸಲು ಬರುವುದಿಲ್ಲ.

ಇದರ ಮಧ್ಯೆ ಕೆಲವು ಮಾಲೀಕರು ಒಪ್ಪುವುದಿಲ್ಲ. ಒಪ್ಪಿದವರಲ್ಲಿ ಕೆಲವರು ಎಂಟು ವಾರದ ನಂತರದ ತಪಾಸಣೆಗೆ ಬರುವುದಿಲ್ಲ, ನಾಯಿ ಚೆನ್ನಾಗಿದೆಯಲ್ಲ, ಇನ್ಯಾಕೆ ಎಂದು. ಒಂದು ನಾಯಿ ಬ್ಯಾಂಡೇಜ್ ಕಚ್ಚಿ ಹೊಲಿಗೆ ಬಿಚ್ಚಿಕೊಳ್ಳುತ್ತದೆ. ಎಲ್ಲವನ್ನೂ ದಾಖಲಿಸಬೇಕು. ಕೊನೆಗೆ ಮೂರು ನಾಲ್ಕು ಪ್ರೊಫೆಸರುಗಳ ಸಮಿತಿ ಎದುರು ಥೀಸಿಸ್ ಮಂಡಿಸಿ, ಪ್ರಶ್ನೆಗಳಿಗೆ ಉತ್ತರ ಹೇಳಬೇಕು. ಎರಡು ಇಂಜೆಕ್ಷನ್‌ಗಳ ನಡುವೆ ವ್ಯತ್ಯಾಸವೇ ಇಲ್ಲ ಎಂದು ಬಂದರೂ ಥೀಸಿಸ್ ಪಾಸೇ. ಅಳೆದದ್ದು ಸರಿಯಾಗಿದ್ದರೆ ಸಾಕು.

ದಿನ ಹೇಗಿರುತ್ತದೆ?

ಬೆಳಿಗ್ಗೆ ಏಳಕ್ಕೆಲ್ಲ ವಾರ್ಡಿನಲ್ಲಿರಬೇಕು. ರಾತ್ರಿಯಿಡೀ ಇದ್ದ ರೋಗಿಗಳ ಉಸಿರು, ಜ್ವರ, ರಕ್ತದ ರಿಪೋರ್ಟ್ ನೋಡಿ, ಆ ದಿನದ ಔಷಧ ಬರೆಯಬೇಕು. ಆಮೇಲೆ ರೌಂಡ್ಸ್. ಹಿರಿಯ ಡಾಕ್ಟರು, ಇಂಟರ್ನ್‌ಗಳು, ಕೊನೆಯ ವರ್ಷದ ವಿದ್ಯಾರ್ಥಿಗಳು ಎಲ್ಲ ಸೇರಿ ಕೇಸ್ ಚರ್ಚೆ. ರೆಸಿಡೆಂಟ್ ಇಲ್ಲಿ ಒಂದೇ ಹೊತ್ತಿಗೆ ಪಾಠ ಕೇಳುವವರೂ ಹೌದು, ವಿದ್ಯಾರ್ಥಿಗಳಿಗೆ ಪಾಠ ಹೇಳುವವರೂ ಹೌದು. ಮಧ್ಯಾಹ್ನ ಹೊಸ ಕೇಸುಗಳು, ಸ್ಕ್ಯಾನ್, ಆಪರೇಷನ್. ಸಂಜೆ ಮಾಲೀಕರಿಗೆಲ್ಲ ಒಬ್ಬೊಬ್ಬರಿಗೇ ಫೋನ್. ಕೇಸ್ ಶೀಟ್ ಬರೆದು ಮುಗಿಸುವಷ್ಟರಲ್ಲಿ ರಾತ್ರಿ. ಸರದಿ ಬಂದ ದಿನ ರಾತ್ರಿಯೂ ಕರೆ ಬಂದರೆ ಓಡಬೇಕು.

ವರ್ಷದ ಹೆಚ್ಚಿನ ಭಾಗ ಹೀಗೆ. ಉಳಿದದ್ದು 'ಆಫ್ ಕ್ಲಿನಿಕ್' ವಾರಗಳು. ಸಂಶೋಧನೆ, ಮಾಸ್ಟರ್ಸ್‌ನ ತರಗತಿಗಳು, ಲೇಖನ ಬರೆಯುವುದು, ಬೋರ್ಡ್ ಪರೀಕ್ಷೆಗೆ ಓದುವುದು ಎಲ್ಲ ಆ ವಾರಗಳಲ್ಲೇ ಆಗಬೇಕು. ಹೆಸರು ಕೇಳಿದರೆ ರಜೆ ಅನ್ನಿಸುತ್ತದೆ, ರಜೆ ಅಲ್ಲ. ತರಗತಿಗಳಲ್ಲಿ ಸ್ಟಾಟಿಸ್ಟಿಕ್ಸ್ ಇದ್ದೇ ಇರುತ್ತದೆ. ಪ್ರಯೋಗ ರೂಪಿಸುವುದು, ಸಂಶೋಧನೆಯ ನೀತಿ ಇವೂ ಇರುತ್ತವೆ.

ಮೊದಲ ವರ್ಷ ವಿಷಯ ಹುಡುಕಾಟ, ಅನುಮತಿ, ದುಡ್ಡಿಗೆ ಅರ್ಜಿ. ಎರಡನೇ ವರ್ಷ ಕೇಸ್ ಕೂಡಿಸುವುದು. ಮೂರನೇ ವರ್ಷ ಬರೆಯುವುದು. ಆದರೆ ಬೋರ್ಡ್ ಪರೀಕ್ಷೆಯ ಓದು ತಲೆ ಮೇಲೆ ಕೂರುವುದೂ ಮೂರನೇ ವರ್ಷವೇ. ಎರಡೂ ಡಿಕ್ಕಿ ಹೊಡೆದಾಗ ಹೆಚ್ಚಾಗಿ ಸೋಲುವುದು ಥೀಸಿಸ್. ರೆಸಿಡೆನ್ಸಿ ಮುಗಿಸಿ ಕೆಲಸಕ್ಕೆ ಸೇರಿದ ಮೇಲೂ ರಾತ್ರಿ ಕೂತು ಥೀಸಿಸ್ ತಿದ್ದುವವರಿದ್ದಾರೆ. ಹಾಗಾಗಿ ಒಳ್ಳೆಯ ಗೈಡ್‌ಗಳು ಮೊದಲೇ ಹೇಳುತ್ತಾರೆ: ಪ್ರಶ್ನೆ ಸಣ್ಣದಿರಲಿ, ಮುಗಿಯುವಂತಿರಲಿ.

ಇನ್ನೊಂದು ಲಾಭವೂ ಇದರಲ್ಲಿ ಅಡಗಿದೆ. ಹಲವು ಕಾಲೇಜ್‌ಗಳು ಡಿಪ್ಲೊಮೇಟ್ ಆಗಲು ಪರೀಕ್ಷೆಯ ಜೊತೆ ಪ್ರಕಟಿತ ಸಂಶೋಧನಾ ಲೇಖನವನ್ನೂ ಕೇಳುತ್ತವೆ. ಸರ್ಜನ್‌ಗಳ ಕಾಲೇಜ್ ಅಂಥದ್ದು. ಥೀಸಿಸ್ಸಿನ ಒಂದು ಅಧ್ಯಾಯವನ್ನೇ ಲೇಖನ ಮಾಡಿದರೆ ಒಂದೇ ಕೆಲಸ ಎರಡು ಕಡೆ ಲೆಕ್ಕಕ್ಕೆ ಬರುತ್ತದೆ.

ಪ್ರಾಣಿಗಳಿಗೆ ತೊಂದರೆ ಆಗಲ್ವಾ?

ನ್ಯಾಯವಾದ ಪ್ರಶ್ನೆ. ಅಮೆರಿಕದಲ್ಲಿ 1966ರ ಪ್ರಾಣಿ ಕಲ್ಯಾಣ ಕಾಯ್ದೆ ಇದೆ. 1985ರ ತಿದ್ದುಪಡಿಯ ನಂತರ ಪ್ರಾಣಿಗಳ ಮೇಲೆ ಸಂಶೋಧನೆ ಮಾಡುವ ಸಂಸ್ಥೆಗಳಲ್ಲಿ ಒಂದು ಪರಿಶೀಲನಾ ಸಮಿತಿ ಇರಲೇಬೇಕು. ಅದರಲ್ಲಿ ಪಶುವೈದ್ಯರೂ ಇರಬೇಕು, ಸಂಸ್ಥೆಗೆ ಸಂಬಂಧವಿಲ್ಲದ ಹೊರಗಿನವರೂ ಇರಬೇಕು. ಕೆನಡಾದಲ್ಲಿ 1968ರಲ್ಲಿ ಹುಟ್ಟಿದ ಪ್ರಾಣಿ ಆರೈಕೆ ಮಂಡಳಿ ನಿಯಮ ರೂಪಿಸುತ್ತದೆ. ಸಮಿತಿ ಒಪ್ಪುವವರೆಗೆ ಒಂದು ಹನಿ ರಕ್ತವನ್ನೂ ಅಧ್ಯಯನಕ್ಕೆಂದು ತೆಗೆಯುವ ಹಾಗಿಲ್ಲ.

ಸಾಕುಪ್ರಾಣಿಯನ್ನು ಸೇರಿಸಿಕೊಳ್ಳುವುದಾದರೆ ಮಾಲೀಕರ ಲಿಖಿತ ಒಪ್ಪಿಗೆಯೂ ಬೇಕು. ಸಹಿ ಹಾಕುವ ಮುಂಚೆ ಕೆಲವು ಪ್ರಶ್ನೆ ಕೇಳುವುದು ಮಾಲೀಕರ ಹಕ್ಕು: ಮಾಮೂಲಿ ಚಿಕಿತ್ಸೆಗಿಂತ ಬೇರೆ ಏನು ಮಾಡುತ್ತೀರಿ? ಹುಸಿ ಮದ್ದು ಸಿಗುವ ಸಾಧ್ಯತೆ ಇದೆಯಾ? ಖರ್ಚು ಯಾರದು? ಮಧ್ಯದಲ್ಲಿ ಬಿಟ್ಟರೆ ಚಿಕಿತ್ಸೆ ಮುಂದುವರಿಯುತ್ತಾ? ಕೊನೆಯ ಪ್ರಶ್ನೆಗೆ ಉತ್ತರ 'ಹೌದು' ಎಂದೇ ಇರಬೇಕು. ಎಷ್ಟೋ ಅಧ್ಯಯನಗಳಲ್ಲಿ ಕೆಲವು ಪರೀಕ್ಷೆಗಳ ಖರ್ಚನ್ನು ಅಧ್ಯಯನವೇ ಭರಿಸುತ್ತದೆ.

ಇಂಥ ಅಧ್ಯಯನದ ಫಲ ಕೆಲವೊಮ್ಮೆ ಮನುಷ್ಯರಿಗೂ ತಲುಪುತ್ತದೆ. ನಾಯಿಗಳಿಗೆ ಬರುವ ಮೂಳೆ ಕ್ಯಾನ್ಸರ್ ಮಕ್ಕಳಲ್ಲಿ ಕಾಣುವ ಮೂಳೆ ಕ್ಯಾನ್ಸರ್‌ಗೆ ತುಂಬಾ ಹತ್ತಿರ. ಸಾಕುನಾಯಿಗಳಲ್ಲಿ ಕೊಟ್ಟು ನೋಡಿದ ಒಂದು ಪ್ರತಿರಕ್ಷಾ ಔಷಧ ಮಿಫಾಮ್ಯುರ್ಟೈಡ್ ಎಂಬ ಹೆಸರಿನಲ್ಲಿ 2009ರಲ್ಲಿ ಯೂರೋಪಿನಲ್ಲಿ ಮಕ್ಕಳ ಚಿಕಿತ್ಸೆಗೆ ಅನುಮತಿ ಪಡೆಯಿತು.

ದುಡ್ಡಿನ ಮಾತು

ರೆಸಿಡೆಂಟ್‌ಗೆ ಸಿಗುವುದು ಸಂಬಳಕ್ಕಿಂತ ಸ್ಟೈಪೆಂಡ್ ಎನ್ನುವುದೇ ಸರಿ. ಜೊತೆಗೇ ಓದಿ ಡಿವಿಎಂ ಮುಗಿಸಿ ಅಮೆರಿಕದಲ್ಲಿ ನೇರ ಕ್ಲಿನಿಕ್ ಕೆಲಸಕ್ಕೆ ಸೇರಿದವರ ಸಂಬಳ ಎಲ್ಲಿ, ಇದೆಲ್ಲಿ. ಸಾಮಾನ್ಯವಾಗಿ ಅದರ ಅರ್ಧದಷ್ಟೂ ಇರುವುದಿಲ್ಲ. ಡಿವಿಎಂಗೆ ಮಾಡಿದ ಸಾಲದ ಬಡ್ಡಿ ಬೇರೆ ಓಡುತ್ತಿರುತ್ತದೆ. ಮಾಸ್ಟರ್ಸ್‌ನ ಶುಲ್ಕವನ್ನು ಕೆಲವು ವಿಶ್ವವಿದ್ಯಾಲಯಗಳು ಪೂರ್ತಿ ಮನ್ನಾ ಮಾಡುತ್ತವೆ, ಕೆಲವು ಅರ್ಧ, ಕೆಲವು ಸ್ಟೈಪೆಂಡ್‌ನಿಂದಲೇ ಕಟ್ಟಿಸಿಕೊಳ್ಳುತ್ತವೆ. ಅರ್ಜಿ ಹಾಕುವವರು ಮೊದಲು ಕೇಳಬೇಕಾದ್ದು ಇದನ್ನೇ. ಸ್ಟೈಪೆಂಡ್ ಅಂಕಿ ದೊಡ್ಡದಿದ್ದು, ಶುಲ್ಕ ಕಳೆದ ಮೇಲೆ ಚಿಕ್ಕದಾಗುವ ಸೀಟುಗಳೂ ಇವೆ.

ಸಂಶೋಧನೆಯ ಖರ್ಚಿಗೆ ವಿಶ್ವವಿದ್ಯಾಲಯದ ಒಳಗಿನ ಸಣ್ಣ ಅನುದಾನಗಳು ಇರುತ್ತವೆ. ಹೊರಗೆ 1948ರಲ್ಲಿ ಶುರುವಾದ ಮಾರಿಸ್ ಅನಿಮಲ್ ಫೌಂಡೇಷನ್, ನಾಯಿಗಳಿಗಾಗಿ 1995ರ ಎಕೆಸಿ ಕೆನೈನ್ ಹೆಲ್ತ್ ಫೌಂಡೇಷನ್, ಬೆಕ್ಕುಗಳಿಗಾಗಿ 1968ರಿಂದ ಇರುವ, ಈಗ ಎವ್ರಿಕ್ಯಾಟ್ ಎಂದು ಹೆಸರಾದ ಸಂಸ್ಥೆ ದುಡ್ಡು ಕೊಡುತ್ತವೆ. ಅನುದಾನದ ಅರ್ಜಿ ಬರೆಯುವುದನ್ನು ಕಲಿಯುವುದೂ ತರಬೇತಿಯ ಭಾಗವೇ.

ಪದವಿಗಳಲ್ಲಿ ಬಗೆಗಳು

ಅಮೆರಿಕದಲ್ಲಿ ಹೆಚ್ಚಾಗಿ ಎಂಎಸ್, ಅಂದರೆ ಮಾಸ್ಟರ್ ಆಫ್ ಸೈನ್ಸ್. ಸ್ಯಾಸ್ಕಟೂನ್‌ನಲ್ಲಿ ಎಂವೆಟ್‌ಎಸ್‌ಸಿ ಎಂಬ ಮಾಸ್ಟರ್ಸ್ ಪದವಿಯನ್ನು ರೆಸಿಡೆನ್ಸಿಯ ಜೊತೆಗೇ ಕೊಡುತ್ತಾರೆ. ಗ್ವೆಲ್ಫ್‌ನ ಒಂಟಾರಿಯೊ ವೆಟರ್ನರಿ ಕಾಲೇಜಿನಲ್ಲಿ ಡಿವಿಎಸ್‌ಸಿ ಇದೆ. ಅದು ಮಾಸ್ಟರ್ಸ್‌ಗಿಂತ ಮೇಲಿನದು, ಚಿಕಿತ್ಸೆಯ ತರಬೇತಿ ಮತ್ತು ಥೀಸಿಸ್ ಎರಡೂ ಸೇರಿದ ಡಾಕ್ಟರೇಟ್. ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನಲ್ಲಿ ರೆಸಿಡೆನ್ಸಿಯ ಜೊತೆ ಮಾಡುವ ಎಂವೆಟ್‌ಮೆಡ್ ಎಂಬ ಮಾಸ್ಟರ್ಸ್ ಇದೆ. ಯೂರೋಪಿನಲ್ಲಿ ಸ್ಪೆಷಲಿಸ್ಟ್‌ಗಳ ಕಾಲೇಜ್‌ಗಳಿಗೆ ಮಾನ್ಯತೆ ಕೊಡುವ ಮಂಡಳಿಯೇ ಬೇರೆ, 1996ರಿಂದ ಇದೆ.

ರೆಸಿಡೆನ್ಸಿ ಜೊತೆ ಪಿಎಚ್‌ಡಿ ಮಾಡುವವರೂ ಇದ್ದಾರೆ. ಆದರೆ ಅದು 3 ವರ್ಷದಲ್ಲಿ ಮುಗಿಯುವ ಮಾತಲ್ಲ, ಇನ್ನೂ ಎರಡು ಮೂರು ವರ್ಷ ಹಿಡಿಯುತ್ತದೆ. ಜೀವನವಿಡೀ ಸಂಶೋಧನೆಯೇ ಮಾಡುತ್ತೇನೆ ಎನ್ನುವವರಿಗೆ ಅದು ಸರಿ. ಮಾಸ್ಟರ್ಸ್ ಒಬ್ಬರನ್ನು ಪೂರ್ಣ ಪ್ರಮಾಣದ ವಿಜ್ಞಾನಿ ಮಾಡುವುದಿಲ್ಲ. ಒಂದು ಪ್ರಶ್ನೆಯನ್ನು ಹುಟ್ಟಿನಿಂದ ಪ್ರಕಟಣೆಯವರೆಗೆ ಒಮ್ಮೆ ಕೈಹಿಡಿದು ನಡೆಸಿದ ಅನುಭವ ಕೊಡುತ್ತದೆ, ಅಷ್ಟೇ. ಬೇರೆಯವರ ಸಂಶೋಧನೆ ಓದುವಾಗ ಎಲ್ಲಿ ಜೊಳ್ಳು, ಎಲ್ಲಿ ಗಟ್ಟಿ ಎಂದು ಗುರುತಿಸಲು ಅಷ್ಟು ಸಾಕಾಗುತ್ತದೆ.

ಬೇರೆ ದೇಶದಲ್ಲಿ ಪಶುವೈದ್ಯ ಪದವಿ ಪಡೆದು ಅಮೆರಿಕಕ್ಕೆ ಬರಬೇಕೆನ್ನುವವರು ಒಂದನ್ನು ತಿಳಿದಿರಬೇಕು. ಎವಿಎಂಎ ಮಾನ್ಯತೆ ಇಲ್ಲದ ಕಾಲೇಜಿನಲ್ಲಿ ಓದಿದ್ದರೆ ಅಮೆರಿಕದಲ್ಲಿ ಪೂರ್ತಿ ಲೈಸೆನ್ಸ್‌ಗೆ ಇಸಿಎಫ್‌ವಿಜಿ ಅಥವಾ ಪೇವ್ ಎಂಬ ಅರ್ಹತಾ ಪರೀಕ್ಷೆಗಳ ಸರಣಿ ದಾಟಬೇಕು. ರೆಸಿಡೆನ್ಸಿಗೆ ಇದು ಕಡ್ಡಾಯವೇ ಎಂಬುದು ರಾಜ್ಯದಿಂದ ರಾಜ್ಯಕ್ಕೆ, ಸೀಟಿನಿಂದ ಸೀಟಿಗೆ ಬದಲಾಗುತ್ತದೆ.

ಮುಗಿದ ಮೇಲೆ

ಡಿಪ್ಲೊಮೇಟ್ ಆದವರಿಗೆ ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲಿ ಒಳ್ಳೆಯ ಸಂಬಳದ ಕೆಲಸ ಸಿಗುತ್ತದೆ, ಅಲ್ಲಿ ಮಾಸ್ಟರ್ಸ್ ಇದೆಯಾ ಎಂದು ಹೆಚ್ಚಾಗಿ ಯಾರೂ ಕೇಳುವುದಿಲ್ಲ. ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆಗುವುದಾದರೆ ಕೇಳುತ್ತಾರೆ. ಔಷಧ ಕಂಪನಿಗಳು, ಪ್ರಯೋಗಾಲಯಗಳು, ಸರ್ಕಾರದ ಆರೋಗ್ಯ ಸಂಸ್ಥೆಗಳು ಕೂಡ ಎರಡೂ ಗೊತ್ತಿರುವವರನ್ನು ಹುಡುಕುತ್ತವೆ. ಹಾಗಾಗಿ ಕ್ಲಿನಿಕ್ ಕೆಲಸವೇ ಸಾಕು ಎಂದು ಮನಸ್ಸು ಗಟ್ಟಿ ಮಾಡಿಕೊಂಡವರಿಗೆ ಬರೀ ರೆಸಿಡೆನ್ಸಿ ಸಾಲುತ್ತದೆ. ಇನ್ನೂ ತೀರ್ಮಾನ ಆಗಿಲ್ಲ ಎನ್ನುವವರಿಗೆ ಜೋಡಿ ತರಬೇತಿ ಎರಡೂ ಬಾಗಿಲು ತೆರೆದಿಡುತ್ತದೆ. ಅದರ ಬೆಲೆ ಮಾತ್ರ ನಿದ್ದೆ.

ಓದು ಅಲ್ಲಿಗೂ ಮುಗಿಯುವುದಿಲ್ಲ. ಹಿಂದೆ ಡಿಪ್ಲೊಮೇಟ್ ಪಟ್ಟ ಒಮ್ಮೆ ಬಂದರೆ ಹೆಚ್ಚಾಗಿ ಜೀವನಪೂರ್ತಿ ಇರುತ್ತಿತ್ತು. ಈಗ ಅಮೆರಿಕದಲ್ಲಿ ಹೊಸದಾಗಿ ಡಿಪ್ಲೊಮೇಟ್ ಆಗುವವರ ಸರ್ಟಿಫಿಕೇಟಿಗೆ ಅವಧಿ ಇದೆ. ಅದು ಮುಗಿಯುವುದರೊಳಗೆ ಸಮ್ಮೇಳನ, ಲೇಖನ, ಪಾಠ, ಹೊಸ ತರಬೇತಿ ಎಂದು ಅಂಕ ಕೂಡಿಸಿ, ತಾವು ಇನ್ನೂ ಓದುತ್ತಿದ್ದೇವೆ ಎಂದು ಕಾಲೇಜಿಗೆ ತೋರಿಸಿ ನವೀಕರಿಸಿಕೊಳ್ಳಬೇಕು.